ಎಡಕ್ಕೆ ಮುಕ್ಕಾಲು ಸುತ್ತು

ಹೊರಡುವ ಹಿಂದಿನ ದಿನ ಮೇಷ್ಟ್ರು ನನಗೆ ಮೂರು ಮಾತು ಹೇಳಿದರು. ಮೂರನ್ನೂ ಸಂಜೆ ಡೈರಿಯಲ್ಲಿ ಬರೆದುಕೊಂಡೆ. ವಿಮಾನದೊಳಗೆ ಕೋಲು ಬಿಡುವುದಿಲ್ಲ, ಲಗೇಜಿಗೇ ಹಾಕಬೇಕು. ಅಲ್ಲಿಯವರು ಎಷ್ಟೇ ಹೊಗಳಿದರೂ ಹಿಗ್ಗಬಾರದು. ಮೂರನೆಯದನ್ನು ಅವರು ಕೋಲಿಗೆ ಎಣ್ಣೆ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದರು.

"ಏಳ್ನೇ ಕಟಾ ಮಾತ್ರ ಮುಟ್ಬೇಡ ಕಣವ್ವ. ಬೇಸಿಕ್ ಏಳ್ಕೊಟ್ಟು ಬಾ. ಅದು ಅವ್ರಿಗೆ ಇನ್ನೂ ಬೇಗಾಯ್ತದೆ."

ಆಯ್ತು ಸಾರ್ ಎಂದೆ. ಏಳನೆಯದರ ಮೇಲೆ ಅವರಿಗೆ ಅಷ್ಟೊಂದು ಗೌರವ ಎಂದುಕೊಂಡು ನನಗೆ ಖುಷಿಯೇ ಆಯಿತು.

ನಾವು ಕಲಿಸುವುದು ಕರಾಟೆಯ ಜೊತೆಗೇ ಬೆಳೆದು ಬಂದ ಹಳೆಯ ಜಪಾನಿ ಕೋಲುವಿದ್ಯೆ. ಕೋಲಿಗೆ ಬೋ ಎಂದು ಹೆಸರು, ಆರಡಿ ಉದ್ದ. ಎದುರಾಳಿಗಳು ಇದ್ದಾರೆಂದು ಭಾವಿಸಿಕೊಂಡು ಒಂದೇ ಕ್ರಮದಲ್ಲಿ ಮಾಡುವ ಹೊಡೆತ, ತಡೆ, ತಿರುಗುಗಳ ಸರಣಿಗೆ ಕಟಾ ಎನ್ನುತ್ತಾರೆ. ನಮ್ಮಲ್ಲಿ ಅಂಥವು ಏಳು. ಮೇಷ್ಟ್ರು ಹುಡುಗರಾಗಿದ್ದಾಗ ಹುಣಸೂರಿನ ಗರಡಿಯಲ್ಲಿ ಕುಸ್ತಿ ಮಾಡಿದವರು. ಆಮೇಲೆ ಮದರಾಸಿನಲ್ಲಿ ಜಪಾನಿ ಗುರುವೊಬ್ಬರ ಹತ್ತಿರ ಈ ವಿದ್ಯೆ ಕಲಿತು, ಊರಿಗೆ ಮರಳಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದರು. ಹುಣಸೂರಿನ ಹೊರಗೆ, ಹೊಗೆಸೊಪ್ಪು ವಿಂಗಡಿಸಲು ಕಟ್ಟಿದ್ದ ಹಳೆಯ ಶೆಡ್ಡೇ ನಮ್ಮ ಅಭ್ಯಾಸದ ಜಾಗ. ನಡುವೆ ಒಂದು ಕಬ್ಬಿಣದ ಕಂಬ. ಮಳೆಗಾಲದಲ್ಲಿ ಈಗಲೂ ಗೋಡೆಯಿಂದ ಸೊಪ್ಪಿನ ವಾಸನೆ ಬರುತ್ತದೆ.

ಇಪೋದಿಂದ ಕರೆ ಬಂದದ್ದು ಮೇಷ್ಟ್ರಿಗೆ. ಅದು ಮಲೇಷ್ಯಾದ ಒಂದು ಪಟ್ಟಣ. ಅಲ್ಲಿ ಟೈರ್ ಅಂಗಡಿ ಇಟ್ಟುಕೊಂಡು ಸಂಜೆ ಹೊತ್ತು ಕರಾಟೆ ಕಲಿಸುವ ಚೀನೀ ಮೂಲದವರೊಬ್ಬರು ಎರಡು ವರ್ಷದ ಹಿಂದೆ ಹುಣಸೂರಿಗೆ ಬಂದು ಹತ್ತು ದಿನ ಮೇಷ್ಟ್ರ ಹತ್ತಿರ ಅಭ್ಯಾಸ ಮಾಡಿ ಹೋಗಿದ್ದರು. ಈಗ ತಮ್ಮ ವಿದ್ಯಾರ್ಥಿಗಳಿಗೆ ಮೂರು ದಿನದ ಶಿಬಿರ ನಡೆಸಿಕೊಡಿ ಎಂದು ಕೇಳಿದ್ದರು. ಮೇಷ್ಟ್ರು ಮಂಡಿ ನೋವು ಎಂದರು. ಭಾನುವಾರದ ಅಭ್ಯಾಸ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ, "ಇವ್ಳು ಓಗ್ತಾಳೆ. ನನ್ನಾದ್ಮೇಲೆ ಇದೆಲ್ಲ ಇವ್ಳದೇ ತಾನೆ, ಈಗ್ಲೇ ಓಗಿ ಬರ್ಲಿ" ಎಂದರು. ಹನ್ನೆರಡನೆಯ ವಯಸ್ಸಿನಿಂದ ಅವರ ಹತ್ತಿರ ಕಲಿತವಳು ನಾನು. ಅವರ ಪರವಾಗಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ಕಡೆ ತರಗತಿ ನಡೆಸುತ್ತೇನೆ. ಆದರೂ ಆ ಮಾತನ್ನು ಅವರು ಎಲ್ಲರೆದುರು ಆಡಿದ್ದು ಅದೇ ಮೊದಲು. ತಮ್ಮ ಸ್ವಂತ ಕೋಲನ್ನೇ ಕೊಟ್ಟರು. ಅದಕ್ಕೆ ಪ್ಲಂಬಿಂಗ್ ಅಂಗಡಿಯಿಂದ ಏಳಡಿ ಪಿ.ವಿ.ಸಿ. ಪೈಪು ತಂದು, ಎರಡೂ ಕಡೆ ಮುಚ್ಚಳ ಹಾಕಿ, ಒಳಗೆ ಅಮ್ಮನ ಹಳೆಯ ಸೀರೆ ತುರುಕಿದೆ.

ಅಮ್ಮನಿಗೆ ನಾನು ವಿಮಾನ ಹತ್ತುವುದಕ್ಕಿಂತ ಆ ಪೈಪಿನದೇ ಚಿಂತೆ. "ಬೋರ್‌ವೆಲ್ ರಿಪೇರಿಗೆ ಒಂಟವ್ಳಂಗೆ ಕಾಣ್ತೀಯಲ್ಲೇ" ಎಂದಳು. ನೋವಿನೆಣ್ಣೆಯ ಬಾಟಲಿಯನ್ನು ಪ್ಲಾಸ್ಟಿಕ್ ಸುತ್ತಿ ಬ್ಯಾಗಿಗಿಟ್ಟಳು.

ನೋವಿನೆಣ್ಣೆಯ ವಿಷಯ ಇಲ್ಲೇ ಹೇಳಬೇಕು. ಏಳನೆಯ ಕಟಾದ ನಡುವೆ ಒಂದು ಕಡೆ, ಮುಂದಕ್ಕೆ ಹೊಡೆದು ನಿಂತಾಗ ಬಲಗಡೆಯಿಂದ ಒಬ್ಬ ಹೊಡೆಯಲು ಬರುತ್ತಾನೆ. ನಾವು ಎಡಕ್ಕೆ ತಿರುಗಲು ಶುರುಮಾಡಿ, ಹಿಂದಕ್ಕೆ ಸುತ್ತಿ, ಮುಕ್ಕಾಲು ಸುತ್ತು ಮುಗಿಸಿ ಬಲಕ್ಕೆ ಮುಖ ಮಾಡಿ ಅವನ ಕೋಲನ್ನು ತಡೆಯಬೇಕು. ಒಂಟಿಯಾಗಿ ಮಾಡುವಾಗ ನೋಡಲು ಚೆಂದ. ಜೋಡಿಯಾಗಿ ಮಾಡಿದಾಗಲೆಲ್ಲ ನಾನು ತಡವಾಗುತ್ತಿದ್ದೆ. ಎದುರಾಳಿಯ ಕೋಲು ನನ್ನ ಬೆನ್ನಿಗೆ ಬಂದು ನಿಲ್ಲುತ್ತಿತ್ತು. ಮೇಷ್ಟ್ರು, "ಸುತ್ತು ದೊಡ್ದು, ಅದ್ಕೇ ಅದು ಕೊನೇದು. ನಿನ್ ಕಾಲು ನಿಧಾನ ಕಣವ್ವ" ಎನ್ನುತ್ತಿದ್ದರು. ಕಾಲು ಚುರುಕಾಗಲು ಏನು ಮಾಡಲಿ ಎಂದು ಕೇಳಿದ್ದಕ್ಕೆ ಬೆಟ್ಟದಪುರದ ಬೆಟ್ಟ ಹತ್ತು ಎಂದರು. ವಾರಕ್ಕೊಮ್ಮೆ ಬೆಳಗಿನ ಬಸ್ಸಿಗೆ ಹೋಗಿ, ಮೆಟ್ಟಿಲನ್ನು ಓಡಿ ಹತ್ತಿ, ಓಡಿ ಇಳಿದು ಬರುತ್ತಿದ್ದೆ. ಮಂಡಿ ಊದಿದ ದಿನ ಅಮ್ಮ ಎಣ್ಣೆ ತಿಕ್ಕುತ್ತಾ ದೇವರನ್ನೂ ಮೇಷ್ಟ್ರನ್ನೂ ಸೇರಿಸಿ ಬೈಯುತ್ತಿದ್ದಳು. ಡೈರಿಯಲ್ಲಿ ಪ್ರತಿ ಬೆಟ್ಟಕ್ಕೂ ಒಂದು ಗೀಟು, ಪಕ್ಕದಲ್ಲಿ ಜೋಡಿ ಅಭ್ಯಾಸದ ಫಲಿತಾಂಶ. ಐದು ವರ್ಷ, ಹೆಚ್ಚುಕಡಿಮೆ ಒಂದೇ ಮಾತು: ಇನ್ನೂ ನಿಧಾನ.

ಇಪೋ ಊರಿನ ಸುತ್ತ ಸುಣ್ಣದ ಕಲ್ಲಿನ ಗುಡ್ಡಗಳು ಗೋಡೆಯಂತೆ ನೆಟ್ಟಗೆ ನಿಂತಿವೆ. ಶಿಬಿರ ನಡೆದದ್ದು ಒಂದು ಶಾಲೆಯ ಮರದ ನೆಲದ ಹಾಲಿನಲ್ಲಿ. ಟೈರ್ ಅಂಗಡಿಯ ಯಜಮಾನರು ಬಾಗಿಲಲ್ಲೇ ತಲೆಬಾಗಿ ಸೆನ್ಸೆ ಎಂದು ಕರೆದರು, ಅಂದರೆ ಗುರುಗಳೇ ಎಂದು. ಐವತ್ತು ದಾಟಿದವರು. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ಊರಲ್ಲಿ ಎಲ್ಲರಿಗೂ ಮಿಸ್ ಆಗಿದ್ದವಳಿಗೆ ಆ ಕರೆ ಕೇಳಿ ಕಿವಿ ಬಿಸಿಯಾಯಿತು. ಹಿಗ್ಗಬಾರದು ಎಂದು ನೆನಪಿಸಿಕೊಂಡೆ.

ಶುಕ್ರವಾರ ಸಂಜೆ ಹಿಡಿತ ಮತ್ತು ನಿಲುವು. ಮೂವತ್ತು ಜನ ಇದ್ದರು. ಚೀನೀಯರು, ತಮಿಳರು, ಮಲಯ್ ಹುಡುಗಿಯರು. ನನ್ನ ಪದ್ಧತಿ ಹೀಗೆ: ಮೊದಲ ಅರ್ಧ ಗಂಟೆ ಏನೂ ತಿದ್ದದೆ ಸಾಲಿನ ನಡುವೆ ನಡೆಯುತ್ತೇನೆ. ಯಾರ ಹಿಂದಿನ ಕೈ ಬಿಗಿ, ಯಾರು ಭುಜ ಎತ್ತುತ್ತಾರೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ಕೋಲನ್ನು ಮುಂದಿನ ಕೈ ತಳ್ಳುವುದಲ್ಲ, ಹಿಂದಿನ ಕೈ ಎಳೆಯಬೇಕು. ಇದೊಂದು ಬಂದರೆ ಅರ್ಧ ವಿದ್ಯೆ ಬಂದಂತೆ. ಅದನ್ನು ತೋರಿಸಲು ಊರಿನ ಉಪಾಯವನ್ನೇ ಹೂಡಿದೆ: ಮುಂದಿನ ಕೈಯ ಹೆಬ್ಬೆರಳು ಬಿಡಿಸಿ ಹೊಡೆಸುವುದು. ಆಗ ಹಿಂದಿನ ಕೈ ತಾನಾಗಿ ಕೆಲಸಕ್ಕೆ ಬರುತ್ತದೆ. ಒಂದೇ ಸಂಜೆಯಲ್ಲಿ ಹಾಲಿನ ಸದ್ದು ಬದಲಾಯಿತು. ಗಾಳಿ ಸೀಳುವ ಸದ್ದು ಕೇಳತೊಡಗಿತು. ಅಂದು ಚೆನ್ನಾಗಿ ನಿದ್ದೆ ಮಾಡಿದೆ.

ಶನಿವಾರ ಬೆಳಿಗ್ಗೆ ಚಹಾ ಬಿಡುವಿನಲ್ಲಿ ಯಜಮಾನರು ಹತ್ತಿರ ಬಂದು, ಏಳನೆಯ ಕಟಾವನ್ನು ಒಮ್ಮೆ ತಿದ್ದಿಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅದು ಈ ಸಲ ಬೇಡವೆಂದು ನಮ್ಮ ಗುರುಗಳು ಹೇಳಿದ್ದಾರೆ ಎಂದೆ. ಅವರು ಅಚ್ಚರಿಯಿಂದ ನೋಡಿದರು.

"ಆದರೆ ನಮಗೆ ಅದು ಬರುತ್ತದೆ. ಅವರೇ ನನಗೆ ಕಲಿಸಿದರು, ನಿಮ್ಮ ಊರಿನಲ್ಲಿ. ಎರಡು ವರ್ಷದಿಂದ ಮಾಡುತ್ತಿದ್ದೇವೆ. ತಪ್ಪು ತಿದ್ದಿದರೆ ಸಾಕು."

ನನಗೆ ಕಲಿಸಲು ಮೇಷ್ಟ್ರು ಒಂಬತ್ತು ವರ್ಷ ಕಾಯಿಸಿದ್ದ ಕಟಾ ಅದು. ಹತ್ತು ದಿನಕ್ಕೆ ಬಂದವರಿಗೆ ಹೇಗೆ ಕೊಟ್ಟರು ಎಂದು ಮನಸ್ಸು ಒಂದು ಸಲ ತಡವರಿಸಿತು. ಆದರೆ ಬರುವುದನ್ನು ತಿದ್ದುವುದರಲ್ಲಿ ತಪ್ಪೇನು ಎನ್ನಿಸಿ ಒಪ್ಪಿದೆ.

ಅವರಿಗೆ ಬೆನ್ನು ಹಾಕಿ ಎಲ್ಲರ ಮುಂದೆ ನಿಂತೆ. ನಾನು ಮಾಡಿದಂತೆ ಹಿಂದೆ ಅವರು ಮಾಡಬೇಕು. ಶುರುವಿನ ಹೊಡೆತಗಳಲ್ಲಿ ಸದ್ದು ಒಟ್ಟಿಗೇ ಬಂತು. ಆಮೇಲೆ ಆ ತಿರುಗು. ಎಡಕ್ಕೆ ಹೊರಟೆ. ನಾನು ಅರ್ಧ ಸುತ್ತಿನಲ್ಲಿರುವಾಗ ಮೂವತ್ತು ಕಾಲುಗಳು ಒಟ್ಟಿಗೆ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಆ ಕ್ಷಣ ನನ್ನ ಮುಖ ಅವರ ಕಡೆಗಿತ್ತು. ಅವರೆಲ್ಲ ನೇರವಾಗಿ ಬಲಕ್ಕೆ ತಿರುಗಿ, ಕೋಲೆತ್ತಿ ತಡೆದು, ಮುಗಿಸಿ ನಿಂತಿದ್ದರು. ಕೆಲವರ ಕಣ್ಣು ಓರೆಯಾಗಿ ನನ್ನ ಮೇಲಿತ್ತು. ನಾನು ಉಳಿದ ಸುತ್ತನ್ನು ಒಬ್ಬಳೇ ಮುಗಿಸಿದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಯಜಮಾನರು ಗಡಿಯಾರ ನೋಡಿ, ಊಟಕ್ಕೆ ಬಿಡೋಣವೇ ಎಂದರು. ಊಟದ ಹೊತ್ತಾಗಿರಲಿಲ್ಲ.

ಊಟದ ಮೇಜಿನಲ್ಲಿ ನನಗೊಂದು ಸಮಾಧಾನ ಹೊಳೆಯಿತು: ಕಂಬ. ಶೆಡ್ಡಿನಲ್ಲಿ ನಾವು ನಿಲ್ಲುವ ಜಾಗದ ಬಲಕ್ಕೇ ಆ ಕಬ್ಬಿಣದ ಕಂಬ ಇದೆ. ಬಲಕ್ಕೆ ತಿರುಗಿದರೆ ಕೋಲು ಅದಕ್ಕೆ ತಾಗುತ್ತದೆ. ಅದಕ್ಕೇ ಮೇಷ್ಟ್ರು ಎಡದಿಂದ ಸುತ್ತಿಸಿರಬೇಕು, ಆಮೇಲೆ ಅದೇ ರೂಢಿಯಾಗಿರಬೇಕು. ಇಷ್ಟೇನಾ ಎನ್ನಿಸಿ ಎದೆ ಹಗುರಾಯಿತು. ಯಜಮಾನರಿಗೆ ಕಂಬದ ಮಾತು ಹೇಳಿದೆ.

ಅವರು ಚಮಚ ಕೆಳಗಿಟ್ಟರು. "ಕಂಬ ನೆನಪಿದೆ. ನಿಮ್ಮ ಗುರುಗಳು ನನ್ನ ಭುಜ ಹಿಡಿದು ಆಚೆಗೆ ಸರಿಸಿ ನಿಲ್ಲಿಸಿದರು, ಬಲಕ್ಕೆ ತಿರುಗಲು ಜಾಗ ಬೇಕು ಎಂದು." ಆಮೇಲೆ ಕೇಳಿದರು, "ಆ ವಾರ ನೀವು ಇರಲಿಲ್ಲ, ಅಲ್ಲವೇ?"

ಇರಲಿಲ್ಲ. ಅತಿಥಿಯ ಜೊತೆ ನಾನಿರಬೇಕು, ತರಗತಿಗಳನ್ನು ನೀನೇ ನೋಡಿಕೋ ಎಂದು ಮೇಷ್ಟ್ರು ಆ ಹತ್ತೂ ದಿನ ನನ್ನನ್ನು ಕೋಟೆಗೂ ಕೆ.ಆರ್. ನಗರಕ್ಕೂ ಓಡಾಡಿಸಿದ್ದರು. ಕೆ.ಆರ್. ನಗರದ ಬಸ್ಸು ಕೆಟ್ಟು ಒಂದು ಮಧ್ಯಾಹ್ನವೆಲ್ಲ ರಸ್ತೆ ಬದಿ ಕೂತದ್ದು, ಮೇಷ್ಟ್ರಿಗೆ ಇಷ್ಟಾದರೂ ಉಪಯೋಗಕ್ಕೆ ಬಂದೆನಲ್ಲ ಎಂದುಕೊಂಡದ್ದು ನೆನಪಾಯಿತು.

ಹಾಲಿನ ಹಿಂದೆ ನಲ್ಲಿಯ ಹತ್ತಿರ ನಿಂತು ಫೋನ್ ಮಾಡಿದೆ. ಇಪೋದಲ್ಲಿ ಮಧ್ಯಾಹ್ನ, ಊರಿನಲ್ಲಿ ಇನ್ನೂ ಬೆಳಗಿನ ಹೊತ್ತು. ಅವರ ಮನೆಯ ಕುಕ್ಕರಿನ ಕೂಗು ಕೇಳಿಸುತ್ತಿತ್ತು.

"ಸಾರ್, ಇವ್ರೆಲ್ಲ ಬಲಕ್ಕೆ ತಿರುಗ್ತಾರೆ."

ಒಲೆ ಆರಿಸುವಂತೆ ಒಳಗೆ ಕೂಗಿ ಹೇಳಿ, ಮತ್ತೆ ಫೋನಿಗೆ ಬಂದರು.

"ಏಳ್ನೇದು ಮಾಡ್ಬೇಡ ಅಂದಿರ್ಲಿಲ್ವಾ ನಾನು?"

"ಅವ್ರಿಗೆ ಆಗ್ಲೇ ಬರುತ್ತೆ ಸಾರ್. ನೀವೇ ಹೇಳ್ಕೊಟ್ರಂತೆ."

"ಮರ್ತಿರ್ತಾರೆ ಬುಡು. ಎಡಕ್ಕೇ ಸರಿ ಅನ್ನು. ನೀನು ಗಟ್ಟಿಯಾಗಿ ಏಳುದ್ರೆ ನಂಬ್ತಾರೆ. ನನ್ ಕಡೆಯಿಂದ ಓಗಿರೋಳು ನೀನು."

"ಯಾವ್ದು ಸರಿ ಸಾರ್?"

"ಬಂದ್ಮೇಲೆ ಮಾತಾಡನ. ಮೊದ್ಲು ಊಟ ಮಾಡು."

ನಲ್ಲಿ ತಿರುಗಿಸಿ ಮುಖ ತೊಳೆದೆ. ಗಟ್ಟಿಯಾಗಿ ಹೇಳಿದರೆ ನಂಬುತ್ತಾರೆ ಎನ್ನುವುದು ನಿಜ. ಯಜಮಾನರು ತಲೆಬಾಗಿ ಒಪ್ಪಿಕೊಳ್ಳುತ್ತಿದ್ದರು, ಮೂವತ್ತು ಜನರನ್ನೂ ಎಡಕ್ಕೆ ತಿದ್ದುತ್ತಿದ್ದರು. ಮೇಷ್ಟ್ರ ಮಾತು ಉಳಿಯುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಹೇಳುವ ಮೊದಲು ಒಂದನ್ನು ಮಾತ್ರ ನೋಡಿಬಿಡೋಣ ಎಂದುಕೊಂಡೆ. ಕೋಲು ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಎಲ್ಲರನ್ನೂ ಸುತ್ತ ಕೂರಿಸಿದೆ. ಯಜಮಾನರನ್ನು ನನ್ನ ಬಲಕ್ಕೆ ಒಂದೂವರೆ ಕೋಲು ದೂರದಲ್ಲಿ ನಿಲ್ಲಿಸಿ, ವೇಗ ತಗ್ಗಿಸಬೇಡಿ, ಮೈಗೆ ತಾಗುವ ಹೊತ್ತಿಗೆ ನಿಲ್ಲಿಸಿದರೆ ಸಾಕು ಎಂದೆ. ಮೊದಲ ಸಲ ಎಡದಿಂದ ಸುತ್ತಿದೆ. ನಾನು ತಿರುಗಿ ಬರುವ ಮೊದಲೇ ಅವರ ಕೋಲಿನ ತುದಿ ನನ್ನ ಬೆನ್ನಿನ ನಡುವೆ ಇತ್ತು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ, ಬೆಟ್ಟದಪುರದ ಅಷ್ಟೂ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ತಂದು ಸುತ್ತಿದೆ. ನನ್ನ ಜೀವನದಲ್ಲೇ ಅಷ್ಟು ಬೇಗ ಸುತ್ತಿರಲಿಲ್ಲ. ಕೋಲು ಬೆನ್ನ ಮೇಲೇ ಇತ್ತು.

ಆಮೇಲೆ ಬಲಕ್ಕೆ ತಿರುಗಿದೆ. ಹುಟ್ಟಿದ ಮೇಲೆ ಮೊದಲ ಸಲ. ಅಭ್ಯಾಸವಿಲ್ಲದೆ ಹಿಮ್ಮಡಿ ಎಡವಿತು, ಹಿಡಿತವೂ ಸರಿ ಕೂರಲಿಲ್ಲ. ಆದರೂ ಕೋಲಿಗೆ ಕೋಲು ಟಕ್ ಎಂದು ತಾಗಿ, ಅವರದು ಪಕ್ಕಕ್ಕೆ ಜಾರಿ ಹೋಯಿತು.

ಮುಕ್ಕಾಲಲ್ಲ, ಕಾಲು ಸುತ್ತು. ಅಷ್ಟೇ. ನಿಧಾನವಾಗಿದ್ದದ್ದು ನನ್ನ ಕಾಲಲ್ಲ.

ಅಲ್ಲಿ ಅಳುವುದು ಸಾಧ್ಯವಿರಲಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. "ನಿಮ್ಮ ತಿರುಗು ಸರಿ," ಎಂದೆ. "ನಾನು ಕಲಿತದ್ದು ಬೇರೆ. ಈ ಒಂದು ಭಾಗವನ್ನು ನಿಮ್ಮ ಗುರುಗಳೇ ನಡೆಸಿಕೊಡಲಿ. ನಾನು ಸಾಲಿನಲ್ಲಿ ನಿಲ್ಲುತ್ತೇನೆ." ಯಜಮಾನರು ಬೇಡ ಬೇಡ ಎಂದು ಕೈಯಾಡಿಸಿದರು. ನಾನು ಹೋಗಿ ಎರಡನೆಯ ಸಾಲಿನ ಕೊನೆಯಲ್ಲಿ, ಬೇಕರಿಯಲ್ಲಿ ಕೆಲಸ ಮಾಡುವ ತಮಿಳು ಹೆಂಗಸೊಬ್ಬರ ಪಕ್ಕ ನಿಂತೆ. ಅವರು ತಮ್ಮ ಕೋಲನ್ನು ಒಂದಿಷ್ಟು ಆಚೆ ಸರಿಸಿ, "ವಾಂಗ ಸೆನ್ಸೆ" ಎಂದು ಜಾಗ ಮಾಡಿಕೊಟ್ಟರು.

ಭಾನುವಾರ ಉಳಿದದ್ದನ್ನು ಮುಗಿಸಿದೆ. ಹಿಂದಿನ ಕೈಯ ಎಳೆತ ಎಲ್ಲರಿಗೂ ಕೂತಿತ್ತು, ಅದು ನನ್ನದೇ ಕೆಲಸ. ಆದರೆ ಕಲಿಸುವಾಗಲೇ ಒಳಗೆ ಒಂದು ಅನುಮಾನ ಹರಿದಾಡುತ್ತಿತ್ತು: ಇದಾದರೂ ಸರಿಯೇ? ಪ್ರತಿಯೊಂದನ್ನೂ ಯಜಮಾನರ ಜೊತೆ ಜೋಡಿಯಾಗಿ ಮಾಡಿ ನೋಡಿ, ಆಮೇಲೆ ಹೇಳಿಕೊಟ್ಟೆ. ಅವರಿಗೆ ಅರ್ಥವಾಗಿತ್ತು. ಬಸ್ ನಿಲ್ದಾಣಕ್ಕೆ ಬಿಡಲು ಬಂದವರು ಪೈಪನ್ನು ತಾವೇ ಹೊತ್ತರು, ಮೇಷ್ಟ್ರಿಗೆ ನಮಸ್ಕಾರ ಹೇಳಿ ಎನ್ನಲಿಲ್ಲ.

ಊರು ಮುಟ್ಟಿದ ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಹೋದೆ. ಮೇಷ್ಟ್ರು ನೆಲಕ್ಕೆ ನೀರು ಚಿಮುಕಿಸಿ ಗುಡಿಸುತ್ತಿದ್ದರು.

"ಬಂದ್ಯಾ? ಕೋಲು ಸೀಳಿಲ್ಲ ತಾನೆ?"

ಪೈಪಿನಿಂದ ತೆಗೆದು ಕೊಟ್ಟೆ. ಅವರು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದರು.

"ಎಡಕ್ಕೆ ಯಾಕೆ ಸಾರ್?"

ಪೊರಕೆಯನ್ನು ಗೋಡೆಗೆ ಒರಗಿಸಿ ಕೂತರು. ಸಿಕ್ಕಿಬಿದ್ದವರ ಹಾಗೆ ಕಾಣಲಿಲ್ಲ, ಮಕ್ಕಳಿಗೆ ಪಾಠ ಹೇಳುವವರ ಹಾಗೆ ಕಂಡರು.

"ಗರಡೀಲಿ ನಮ್ ಉಸ್ತಾದ್ರು ನಂಗೂ ಒಂದು ಪಟ್ಟು ಏಳ್ಕೊಡ್ಲಿಲ್ಲ. ಯಾವ್ ಉಸ್ತಾದ್ರೂ ಪೂರ್ತಿ ಕೊಡಾಕಿಲ್ಲ ಕಣವ್ವ. ನಾಳೆ ಶಿಷ್ಯ ಎದುರಿಗೆ ನಿಂತ್ಕಂಡ್ರೆ? ಒಂದ್ನ ಕೈಲಿ ಇಟ್ಕಬೇಕು. ಅದು ಪದ್ಧತಿ."

ಗರಡಿಮನೆಗೆ ಹೆಂಗಸರು ಹೋಗುವಂತಿಲ್ಲ. ಚಿಕ್ಕವಳಿದ್ದಾಗ ಹೊಸ್ತಿಲಾಚೆ ನಿಂತು ಒಳಗಿನ ಕೆಮ್ಮಣ್ಣಿನ ವಾಸನೆ ನೋಡಿದ್ದಷ್ಟೇ. ಗಂಡಾಗಿದ್ದರೆ ಈ ಪದ್ಧತಿ ಎಂದೋ ಕಿವಿಗೆ ಬಿದ್ದಿರುತ್ತಿತ್ತು.

"ನಾನು ನಿಮ್ಮೆದುರಿಗೆ ಯಾಕೆ ನಿಲ್ತೀನಿ ಸಾರ್?"

"ನಿಲ್ತೀಯ ಅಂತ ಅಲ್ಲ ಬುಡು."

"ಮತ್ತೆ ಅವ್ರಿಗೆ ಕೊಟ್ರಲ್ಲ. ಹತ್ತೇ ದಿನಕ್ಕೆ."

"ಅವ್ನು ಓಗೋನು. ಸಮುದ್ರದಾಚೆ ಇರೋನು ಬಂದು ನನ್ ಶೆಡ್ಡಿಗೆ ಬೀಗ ಆಕ್ತಾನಾ? ನೀನು ಇಲ್ಲೇ ಇರೋಳು. ನಾಲ್ಕು ತಾಲ್ಲೂಕಿನ ಮಕ್ಳೂ ನಿನ್ನೇ ಮಿಸ್ ಮಿಸ್ ಅಂತವೆ, ನನ್ನ ಯಾರು ಕೇಳ್ತಾರೆ?"

ಹೊರಗಿನವನಿಗೆ ಕೊಡಬಹುದು, ಹತ್ತಿರದವಳಿಗೆ ಕೊಡಬಾರದು. ನಾನು ಹತ್ತಿರವಾದಷ್ಟೂ ಅವರು ಕೈ ಮುಚ್ಚಿದ್ದರು. ನನ್ನಾದ್ಮೇಲೆ ಇದೆಲ್ಲ ಇವ್ಳದೇ ಎಂದದ್ದು ಇದೇ ಕಂಬದ ಪಕ್ಕ.

"ಬೆಟ್ಟ ಹತ್ತಿಸಿದ್ರಲ್ಲ ಸಾರ್."

"ಹತ್ತಿದ್ರಿಂದ ಕಾಲು ಗಟ್ಟಿಯಾಯ್ತು. ನಷ್ಟ ಏನಾಯ್ತು ಏಳು?"

ಅವರು ಎದ್ದು ಬಂದು ಕೋಲನ್ನು ನನ್ನ ಕೈಗೇ ಮತ್ತೆ ಇಟ್ಟರು. ದನಿ ಮೆತ್ತಗಾಗಿತ್ತು.

"ಕೋಪ ಮಾಡ್ಕಬೇಡ ಕಣವ್ವ. ಒಂದು ಗೊತ್ತಾದ್ಮೇಲೆ ಇನ್ನೇನು. ಬಾ, ಉಳ್ದವ್ನೂ ತೋರುಸ್ಬುಡ್ತೀನಿ."

"ಉಳ್ದವ್ನಾ? ಎಷ್ಟು ಸಾರ್?"

ಅವರು ಎಣಿಸುವವರಂತೆ ಸೂರು ನೋಡಿದರು. ಆಮೇಲೆ ಕೈ ಚೆಲ್ಲಿದರು. "ಅದೆಲ್ಲ ಯಾರು ನೆನಪಿಟ್ಕತಾರೆ. ಯಾವ್ದು ಯಾವ್ದು ಅಂತ ನೀನು ಕೇಳು, ನಾನು ಏಳ್ತೀನಿ."

ಗೊತ್ತಿಲ್ಲದ್ದನ್ನು ಕೇಳುವುದು ಹೇಗೆ? ಹದಿನಾಲ್ಕು ವರ್ಷದ ಡೈರಿಗಳು ಮನೆಯಲ್ಲಿವೆ. ಪ್ರತಿ ಹೊಡೆತ, ಪ್ರತಿ ನಿಲುವು ಅವರು ಹೇಳಿದಂತೆಯೇ ಬರೆದಿದ್ದೇನೆ. ಅವುಗಳಲ್ಲಿ ಯಾವ ಸಾಲು ನಿಜ ಎಂದು ಈಗ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಕೋಲನ್ನು ಕಂಬಕ್ಕೆ ಒರಗಿಸಿ, ಖಾಲಿ ಪೈಪು ಹಿಡಿದು ಹೊರಗೆ ಬಂದೆ. "ಸಂಜೆ ಪಿರಿಯಾಪಟ್ಟಣದ ಕ್ಲಾಸ್ ಇದೆ, ಮರೀಬೇಡ" ಎಂದು ಹಿಂದಿನಿಂದ ಕೂಗಿದರು. ಮೇಷ್ಟ್ರು ಅಂಥವರೇ. ಏನೂ ಆಗಿಲ್ಲವೆಂದು ನಿಜವಾಗಿ ನಂಬಿದ್ದರು.

ಮರೆಯಲಿಲ್ಲ. ಪಿರಿಯಾಪಟ್ಟಣದಲ್ಲಿ ಶಾಲೆಯ ಅಂಗಳದಲ್ಲಿ ತರಗತಿ. ಏಳನೆಯ ಕಟಾ ಕಲಿಯುವ ದೊಡ್ಡ ಹುಡುಗಿಯರು ಆರು ಜನ. ಅವರಿಗೂ ನಾನೇ ಎಡಕ್ಕೆ ಸುತ್ತಲು ಕಲಿಸಿದ್ದೆ, ನಿಮ್ಮ ಕಾಲು ನಿಧಾನ ಎಂದು ನಾನೇ ಹೇಳಿದ್ದೆ. ಇವತ್ತಿಂದ ಬಲಕ್ಕೆ ಎಂದೆ. ಜೋಡಿ ಮಾಡಿಸಿ ಎರಡನ್ನೂ ತೋರಿಸಿದೆ.

ಪಿ.ಯು. ಓದುವ ಹುಡುಗಿಯೊಬ್ಬಳು, ತರಗತಿಯಲ್ಲೇ ಮಾತಿನಲ್ಲಿ ಜೋರು, ಕೋಲಿಗೆ ಗಲ್ಲ ಊರಿ ಕೇಳಿದಳು, "ಮಿಸ್, ಇಷ್ಟ್ ದಿನ ಎಡ ಎಡ ಅಂತ ನಮ್ ಜೀವ ತೆಗುದ್ರಲ್ಲ?"

"ನಾನು ಹಂಗೇ ಕಲ್ತಿದ್ದೆ."

"ಇನ್ನೂ ಏನಾದ್ರೂ ಚೇಂಜ್ ಆಗುತ್ತಾ ಮಿಸ್?"

"ಗೊತ್ತಿಲ್ಲ. ಒಂದೊಂದೇ ಜೋಡಿ ಮಾಡಿ ನೋಡೋಣ. ನಿಲ್ಲದೇ ಇದ್ರೆ ಬದಲಾಯ್ಸೋಣ."

ಅವಳಿಗೆ ಅದು ದೊಡ್ಡ ವಿಷಯ ಎನ್ನಿಸಲಿಲ್ಲ. "ಸರಿ ಬಿಡಿ, ಇದು ಸಲೀಸಾಗಿದೆ" ಎಂದು ಸಾಲಿಗೆ ಹೋದಳು. ನಾನು ಅವರ ಮುಂದೆ, ಬೆನ್ನು ಹಾಕಿ ನಿಂತು ಎಣಿಸತೊಡಗಿದೆ. ಹೊಡೆತಗಳು ಒಟ್ಟಿಗೆ ಬಿದ್ದವು. ತಿರುಗು ಬಂತು. ಹಿಂದೆ ಆರು ಕಾಲುಗಳು ಮಣ್ಣಿಗೆ ದಪ್ಪೆಂದು ಬಿದ್ದ ಸದ್ದು ಕೇಳಿಸಿದಾಗ ನಾನು ಅರ್ಧ ಸುತ್ತಿನಲ್ಲಿದ್ದೆ. ಅವರ ಮುಖಗಳು ಎದುರಿಗೆ ಕಂಡವು. ಎಲ್ಲರೂ ಆಗಲೇ ಮುಗಿಸಿ ನಿಂತಿದ್ದರು.

"ಮಿಸ್! ನೀವೇ ಎಡಕ್ಕೆ ಓದ್ರಿ!" ಎಂದು ಆ ಹುಡುಗಿ ಕೂಗಿದಳು. ಎಲ್ಲ ಸೇರಿ ನಕ್ಕರು. ನಾನೂ ನಕ್ಕೆ. ಮೊದಲಿನ ಜಾಗಕ್ಕೆ ಹಿಂತಿರುಗಿ, ಬಗ್ಗಿ ಬಲಗಾಲನ್ನು ಒಮ್ಮೆ ಕೈಯಿಂದ ಮುಟ್ಟಿಕೊಂಡು, ಮತ್ತೆ ಒಂದರಿಂದ ಎಣಿಸಲು ಶುರುಮಾಡಿದೆ.